ಅಂಚೆಟ್ಟಿ ಕಾಡಿನ ಕತೆಗಾರ

ಗುಮ್ಮಳಾಪುರ ಅಂದರೆ ಕನ್ನಡ ಸಾಹಿತ್ಯ ಓದಿದವರಿಗೆ ಮೊದಲು ನೆನಪಾಗುವುದು ಶೂನ್ಯಸಂಪಾದನೆ. ಆ ಮಹಾಗ್ರಂಥದ ನಾಲ್ಕು ಪರಿಷ್ಕರಣಗಳಲ್ಲಿ ಒಂದನ್ನು ಮಾಡಿದವರು ಗುಮ್ಮಳಾಪುರದ ಸಿದ್ಧಲಿಂಗಯತಿಗಳು. ಇದೇ ಊರಿನ ಹೆಸರು 1954ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದರ ಎರಡನೆಯ ಅಧ್ಯಾಯಕ್ಕೆ ತಲೆಬರಹವಾಯಿತು. ಅಲ್ಲಿ ಯತಿಗಳೂ ಇಲ್ಲ, ವಚನಗಳೂ ಇಲ್ಲ. 42 ಜನರನ್ನು ಕೊಂದ ಒಂದು ಚಿರತೆ ಇದೆ, ಸಂಜೆಯಾಗುತ್ತಲೇ ಬಾಗಿಲಿಗೆ ಕಲ್ಲು ಮುಳ್ಳು ಒಟ್ಟಿ ಉಸಿರು ಬಿಗಿಹಿಡಿದು ಕೂರುವ ಹಳ್ಳಿಗಳಿವೆ. ಬರೆದವರು ಬೆಂಗಳೂರಿನ ಕೆನೆತ್ ಆಂಡರ್ಸನ್.

ಅದೇ ಪುಸ್ತಕದ ಮೊದಲ ಅಧ್ಯಾಯ ಜವಳಗಿರಿಯ ನರಭಕ್ಷಕ ಹುಲಿಯದು. ಮುಂದಿನ ಪುಸ್ತಕಗಳಲ್ಲಿ ಡೆಂಕಣಿಕೋಟೆ, ಶಿವನಿಪಳ್ಳಿ, ಗೆರಟ್ಟಿ, ಗುಂಡಾಲಂ, ಮುತ್ತೂರು, ಪೆನ್ನಾಗರ ಒಂದೊಂದಾಗಿ ಬರುತ್ತವೆ. ಇವೆಲ್ಲದರ ನಡುವೆ ಪದೇಪದೇ ಕಾಣಿಸಿಕೊಳ್ಳುವ ಊರು ಅಂಚೆಟ್ಟಿ. ಹೊಸೂರಿನಿಂದ ದಕ್ಷಿಣಕ್ಕೆ ಡೆಂಕಣಿಕೋಟೆ ದಾಟಿ, ಘಾಟಿಯ ತಿರುವುಗಳಲ್ಲಿ ಇಳಿದರೆ ಸಿಗುವ, ಸುತ್ತ ಗುಡ್ಡಗಳಿರುವ ಕಣಿವೆಯ ಊರು. ಬೆಂಗಳೂರಿನಿಂದ ಹೆಚ್ಚೆಂದರೆ 90 ಕಿಲೋಮೀಟರಿನ ಆಚೀಚೆ. ಆಂಡರ್ಸನ್ ಓಡಾಡುವ ಕಾಲಕ್ಕೆ ಇದು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ. ಈಗ ಅಂಚೆಟ್ಟಿಯೇ ಒಂದು ತಾಲ್ಲೂಕು. ಜಿಲ್ಲೆ ಎಷ್ಟು ಬದಲಾದರೂ ಈ ಸೀಮೆಯ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಉಸಿರಿನಲ್ಲಿ ಕೇಳುತ್ತವೆ.

ಆಂಡರ್ಸನ್ ಅವರನ್ನು ನಾವು ಬೇಟೆಗಾರರೆಂದು ಓದುತ್ತ ಬಂದಿದ್ದೇವೆ. ನನಗೆ ಅವರು ಮೊದಲಿಗೆ ಈ ಗಡಿಸೀಮೆಯ ಲೇಖಕ. ಕನ್ನಡದ ಕತೆಗಾರರು ಹೊಸೂರಿನ ಆಚೆ ಹೆಚ್ಚು ಇಳಿಯಲಿಲ್ಲ. ತಮಿಳು ಸಾಹಿತ್ಯದ ನಡುಮನೆಗೂ ಈ ಕಾಡು ದೂರವೇ ಉಳಿಯಿತು. ಇಲ್ಲಿನ ಹಳ್ಳ, ಕಾಲುದಾರಿ, ದನಗಾಹಿ, ಬಿದಿರು ಸಾಗಿಸುವ ಗಾಡಿಯವನು, ಕಳ್ಳ ಈಡುಗಾರ ಇವರೆಲ್ಲ ಹೆಸರು ಸಮೇತ ಪುಸ್ತಕಕ್ಕೆ ಬಂದದ್ದು ಈ ಒಬ್ಬರಿಂದ. ಹುಲಿ ಬಿದ್ದ ಜಾಗದಷ್ಟೇ ಗಮನದಿಂದ ಅವರು ಹುಲಿಯ ಸುದ್ದಿ ತಂದವನ ಮುಖವನ್ನೂ ನೋಡಿದರು.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಕುಟುಂಬ, ಆರು ತಲೆಮಾರಿನಿಂದ ಭಾರತದಲ್ಲೇ ನೆಲೆನಿಂತದ್ದು. ತಂದೆ ಡಗ್ಲಸ್ ಆಂಡರ್ಸನ್ ಸೇನೆಯ ಲೆಕ್ಕಪತ್ರ ಇಲಾಖೆಯಲ್ಲಿದ್ದರು. ಹುಡುಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಕಾನೂನು ಓದಲೆಂದು ಎಡಿನ್‌ಬರೋಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ವಾಪಸು ಬಂದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಹದಿನೈದು ವರ್ಷ ದುಡಿದರು, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಮ್ಯಾನೇಜರ್ ಆದರು. ಆ ಕಾರ್ಖಾನೆ ನಮ್ಮ ಎಚ್‌ಎಎಲ್. ಇಷ್ಟು ಓದಿದರೆ ಕಂಟೋನ್ಮೆಂಟಿನ ಒಬ್ಬ ಮರ್ಯಾದಸ್ಥ ನೌಕರನ ಚಿತ್ರ ಮೂಡುತ್ತದೆ. ಆ ಚಿತ್ರದಲ್ಲಿ ಅವರ ರಜಾದಿನಗಳು ಇಲ್ಲ. ರಜೆ ಸಿಕ್ಕರೆ ಸ್ಟುಡಿಬೇಕರ್ ಕಾರಿನಲ್ಲಿ .405 ವಿಂಚೆಸ್ಟರ್ ಬಂದೂಕು, ಟಾರ್ಚು, ಚಹಾದ ಫ್ಲಾಸ್ಕು ಹಾಕಿಕೊಂಡು ಕಾಡಿಗೆ ಹೊರಟುಬಿಡುವರು.

ರಾಜಮಹಾರಾಜರು, ದೊರೆಗಳು ಮಾಡುತ್ತಿದ್ದ ಬೇಟೆಗೂ ಇವರದಕ್ಕೂ ಅಂತರವಿದೆ. ಆನೆ ಅಂಬಾರಿ, ನೂರಾರು ಜನ ಸೋವುವವರು, ಡೇರೆ, ಅಡುಗೆಯವರು ಇಲ್ಲಿಲ್ಲ. ಸಂಬಳದ ಮನುಷ್ಯ, ರಜೆ ಮುಗಿದರೆ ಕಾರ್ಖಾನೆಗೆ ಹಾಜರಾಗಬೇಕು. ನರಭಕ್ಷಕ ಇನ್ನೂ ಸಿಕ್ಕಿಲ್ಲ, ರಜೆ ಮುಗಿಯಿತು ಅನ್ನುವ ಸಂಕಟ ಅವರ ಕತೆಗಳಲ್ಲಿ ಸುಮ್ಮನೆ ಬಂದದ್ದಲ್ಲ. ಅವರಿಗೆ ಕನ್ನಡ ಬರುತ್ತಿತ್ತು, ತಮಿಳೂ ಬರುತ್ತಿತ್ತು. ದುಭಾಷಿ ಬೇಕಿರಲಿಲ್ಲ. ಊರಿಗೆ ಹೋದವರು ಮೊದಲು ಹೆಜ್ಜೆ ಗುರುತು ಹುಡುಕುತ್ತಿರಲಿಲ್ಲ, ಮಾತಿಗೆ ಕೂರುತ್ತಿದ್ದರು. ಹುಲಿಯನ್ನು ಕೊನೆಗೆ ಕಂಡವರು ಯಾರು, ಯಾವ ಹೊತ್ತು, ಹಳ್ಳದ ಯಾವ ಮಗ್ಗುಲು, ಕುಂಟುತ್ತಿತ್ತೇ? ಕೇಳಿದ್ದರಲ್ಲಿ ಯಾವುದು ಕಂಡದ್ದು, ಯಾವುದು ಭಯಕ್ಕೆ ಹುಟ್ಟಿದ್ದು ಎಂದು ಸೋಸುವುದೇ ಅರ್ಧ ಕೆಲಸ. ಸತ್ತವರ ಮನೆಯವರು ಸಿಟ್ಟಿನಲ್ಲೋ ಶೋಕದಲ್ಲೋ ಬಾಯಿಬಿಡದೆ ಕೂತಾಗ ಕಾಯುವ ತಾಳ್ಮೆಯೂ ಅವರಿಗಿತ್ತು. ಪತ್ತೇದಾರಿ ಕತೆಯ ಬಿಗಿ ಇವರ ಬರಹಕ್ಕೆ ಬಂದದ್ದು ಈ ವಿಚಾರಣೆಯಿಂದ.

ಜವಳಗಿರಿಯ ಹುಲಿಯ ಕತೆಯನ್ನೇ ನೋಡಿ. ಅದು ಹೆಣ್ಣು ಹುಲಿ. ಜೊತೆಗಾರನನ್ನು ಮನುಷ್ಯರ ಗುಂಡಿಗೆ ಕಳಕೊಂಡು, ಕಾಡೆಲ್ಲ ಕೂಗುತ್ತ ತಿರುಗಿ, ತಾನೂ ಗುಂಡೇಟು ತಿಂದ ಮೇಲೆ ಅದು ಮನುಷ್ಯರ ಮೇಲೆ ಬಿತ್ತು. ಹುಲಿ ಹುಟ್ಟಿನಿಂದ ನರಭಕ್ಷಕ ಆಗುವುದಿಲ್ಲ ಎಂದು ಆಂಡರ್ಸನ್ ಬೇಸರವಿಲ್ಲದೆ ಎಲ್ಲ ಪುಸ್ತಕಗಳಲ್ಲೂ ಹೇಳುತ್ತಾರೆ. ಅರೆಬರೆ ತಗುಲಿದ ಗುಂಡು, ಪಂಜಕ್ಕೆ ನಾಟಿ ಕೀವಾದ ಮುಳ್ಳುಹಂದಿಯ ಮುಳ್ಳು, ಮುಪ್ಪಿಗೆ ಸವೆದ ಹಲ್ಲು, ಕಾಡಿನಲ್ಲಿ ಮುಗಿದುಹೋದ ಜಿಂಕೆ ಕಡವೆ ಇವು ಕಾರಣ. ಅಂದರೆ ಬಹುಪಾಲು ನರಭಕ್ಷಕಗಳನ್ನು ತಯಾರು ಮಾಡಿದ್ದು ನಾವೇ. ಮೊದಲ ಪುಸ್ತಕದ ಮೊದಲ ಕತೆಯಲ್ಲೇ ಕೊಲ್ಲುವ ಹುಲಿಯ ದುಃಖವನ್ನು ಮುಂದಿಟ್ಟ ಬೇಟೆಗಾರ ಅವರು. ಜಿಮ್ ಕಾರ್ಬೆಟ್ ಅವರ ಕುಮಾವೂನಿನ ಪುಸ್ತಕ ಇದಕ್ಕೆ ಹತ್ತು ವರ್ಷ ಹಿಂದೆ, 1944ರಲ್ಲಿ ಬಂದಿತ್ತು. ಆಂಡರ್ಸನ್ ಕಾರ್ಬೆಟ್ ನೆರಳಿನಲ್ಲೇ ಬರೆಯಲು ಶುರುಮಾಡಿದರು ಅನ್ನುವುದು ನಿಜ. ಆದರೆ ಕಾರ್ಬೆಟ್ ಬರಹದ ಗಾಂಭೀರ್ಯ ಇವರಲ್ಲಿಲ್ಲ, ಇವರ ಬರಹದ ಹರಟೆ ಅಲ್ಲಿಲ್ಲ. ಆಂಡರ್ಸನ್ ದಾರಿ ತಪ್ಪುತ್ತಾರೆ, ದೆವ್ವದ ಕತೆ ಹೇಳುತ್ತಾರೆ, ಮಂತ್ರವಾದಿಯನ್ನು ಹುಡುಕಿಕೊಂಡು ಹೋಗುತ್ತಾರೆ, ನಡುವೆ ಗಿಡಮೂಲಿಕೆಯ ಸಂಗತಿ ಬರುತ್ತದೆ, ಆಮೇಲೆ ಹುಲಿ.

ಅವರಿಗೆ ನೆರವಾದವರಲ್ಲಿ ನಾಯಿಗಳೂ ಇದ್ದವು. ಗುಮ್ಮಳಾಪುರದ ಕತೆಯಲ್ಲಿ ರಾತ್ರಿ ಕಾವಲಿಗೆ ಜೊತೆಯಾದದ್ದು ಹಳ್ಳಿಯ ಬೀದಿನಾಯಿ. ಡೆಂಕಣಿಕೋಟೆಯ ಪಕ್ಕದ ಶಿವನಿಪಳ್ಳಿಯಲ್ಲಿ ದನಗಳ ಮೇಲೆ ಬೀಳುತ್ತಿದ್ದ ಕರಿಚಿರತೆ ಗಾಯಗೊಂಡು ಪೊದೆ ಸೇರಿದಾಗ ವಾಸನೆ ಹಿಡಿದು ದಾರಿ ತೋರಿದ್ದು ಕುಶ್ ಎಂಬ ಊರನಾಯಿ. ಈ ಶಿವನಿಪಳ್ಳಿಯ ಕತೆಯನ್ನು ನಾನು ಮತ್ತೆ ಮತ್ತೆ ಓದುವುದು ಚಿರತೆಗಾಗಿ ಅಲ್ಲ. ಊರಿನ ಸುತ್ತಲ ಕಾಡು ಹೇಗೆ ತಗ್ಗಿನಿಂದ ದಿಬ್ಬಕ್ಕೆ, ಒಣ ಕುರುಚಲಿನಿಂದ ಬಿದಿರಿನ ದಟ್ಟಣೆಗೆ ಬದಲಾಗುತ್ತದೆ, ಹೊತ್ತು ಮುಳುಗುವಾಗ ನವಿಲು ಎಲ್ಲಿ ಕೂಗುತ್ತದೆ, ಆಮೇಲೆ ಕತ್ತಲೆಯಲ್ಲಿ ಒಂದು ಕಡವೆಯ ಎಚ್ಚರಿಕೆಯ ದನಿ ಯಾವ ದಿಕ್ಕಿನಿಂದ ಎದ್ದು ಯಾವ ದಿಕ್ಕಿಗೆ ಸರಿಯುತ್ತದೆ ಎಂಬುದನ್ನು ಅವರು ಹೇಳುವ ರೀತಿಗಾಗಿ. ಕಣ್ಣು ಮುಚ್ಚಿಕೊಂಡೂ ಆ ಕಾಡನ್ನು ತಿರುಗಬಹುದು ಅನ್ನಿಸುತ್ತದೆ. ಬೇಟೆಯ ಉದ್ದೇಶವಿಲ್ಲದೆ ರಾತ್ರಿಯಿಡೀ ಹಳ್ಳದ ಮರಳಿನಲ್ಲಿ ಸುಮ್ಮನೆ ನಡೆಯುವುದು ಅವರಿಗೆ ಪ್ರಿಯವಾದ ಚಟ. ನಮ್ಮ ದಖ್ಖನಿಯ ‘ಘೂಮ್’ ಅನ್ನು ಹಾಗೇ ಇಂಗ್ಲಿಷಿಗೆ ಸೇರಿಸಿ ಅದಕ್ಕೊಂದು ಹೆಸರನ್ನೂ ಇಟ್ಟುಕೊಂಡಿದ್ದರು.

ಆ ಹಳ್ಳ ಚಿನ್ನಾರು. ಅಂಚೆಟ್ಟಿ ಕಡೆಯ ಗುಡ್ಡಗಳ ನೀರನ್ನು ಕಟ್ಟಿಕೊಂಡು ಹೊಗೇನಕಲ್ ಹತ್ತಿರ ಕಾವೇರಿ ಸೇರುವ ಹೊಳೆ. ವರ್ಷದ ಹೆಚ್ಚು ಕಾಲ ಬರಿ ಮರಳು, ನಡುನಡುವೆ ನೀರಿನ ಗುಂಡಿಗಳು. ಬೇಸಿಗೆಯಲ್ಲಿ ಕಾಡಿನ ಜೀವಗಳೆಲ್ಲ ಈ ಗುಂಡಿಗಳಿಗೆ ಬರಲೇಬೇಕು. ಅದು ಗೊತ್ತಿದ್ದ ಒಬ್ಬ ಮನುಷ್ಯ ಇಲ್ಲೇ ದಂಡೆಯಲ್ಲಿ ಗುಂಡಿ ತೋಡಿಕೊಂಡು, ಲೈಸೆನ್ಸಿಲ್ಲದ ನಾಡಬಂದೂಕು ಹಿಡಿದು ಕೂರುತ್ತಿದ್ದ. ಅವನೇ ಬೈರ. ಪೂಜಾರಿ ಎಂದು ಆಂಡರ್ಸನ್ ಕರೆಯುವ ಬುಡಕಟ್ಟಿನವನು. ಕಾನೂನಿನ ಕಣ್ಣಿಗೆ ಕಳ್ಳಬೇಟೆಗಾರ. ಅವನನ್ನು ಹಿಡಿದು ಅರಣ್ಯ ಇಲಾಖೆಗೆ ಒಪ್ಪಿಸಬಹುದಾಗಿದ್ದ ಆಂಡರ್ಸನ್ ಅವನ ಸ್ನೇಹ ಮಾಡಿದರು. ಆ ಸ್ನೇಹ ಬದುಕಿನುದ್ದಕ್ಕೂ ಉಳಿಯಿತು.

ಬೈರ ಪುಸ್ತಕದಿಂದ ಪುಸ್ತಕಕ್ಕೆ ಬರುತ್ತಾನೆ. ಮೈಮೇಲೆ ಒಂದು ಲಂಗೋಟಿ. ಆಸ್ತಿ ಎಂದರೆ ಆ ಬಂದೂಕು. ಮಳೆಗಾಲ ಬಂದರೆ ಒಂದು ಕಡೆ, ಬೇಸಿಗೆಯಲ್ಲಿ ಹೊಳೆಯ ದಂಡೆ. ತರಗೆಲೆಯ ಮೇಲೆ ನಡೆದರೂ ಸದ್ದಾಗುವುದಿಲ್ಲ. ಗಾಳಿ ಯಾವ ಕಡೆಯಿಂದ ಎಂದು ತಲೆ ಎತ್ತದೆ ಹೇಳುತ್ತಾನೆ. ಬಗ್ಗಿದ ಹುಲ್ಲು, ಉರುಳಿದ ಒಂದು ಕಲ್ಲು, ಕಲ್ಲಿನ ಅಡಿಯ ತೇವ ಇಷ್ಟರಲ್ಲಿ ಹುಲಿ ಹೋದ ಹೊತ್ತನ್ನು ಓದುತ್ತಾನೆ. ಆಂಡರ್ಸನ್ ತಮ್ಮ ಕಾಡಿನ ವಿದ್ಯೆಗೆ ಈತನನ್ನೇ ಗುರು ಎಂದು ಒಪ್ಪಿಕೊಳ್ಳುತ್ತಾರೆ. ಬಿಳಿಯ ಬೇಟೆಗಾರರ ಪುಸ್ತಕಗಳ ರಾಶಿಯಲ್ಲಿ ಇಂಥ ಒಪ್ಪಿಗೆ ಅಪರೂಪ. ಅಲ್ಲಿ ಹೆಜ್ಜೆ ನೋಡುವವನಿಗೆ ಹೆಸರೇ ಇರುವುದಿಲ್ಲ. ಇದ್ದರೂ ಸಾಹೇಬರ ಜೀವ ಉಳಿಸಲು ಒಮ್ಮೆ ಬಂದು ಹೋಗುತ್ತಾನೆ. ಬೈರನಿಗೆ ಹೆಂಡತಿ ಇದ್ದಾಳೆ, ಹಸಿವಿದೆ, ಹಟವಿದೆ, ಅಭಿಪ್ರಾಯವಿದೆ. ಪೆನ್ನಾಗರದ ರಂಗನೂ ಹಾಗೆ. ಬಿದಿರು ಸಾಗಿಸುವ ಎತ್ತಿನ ಗಾಡಿ ಹೊಡೆಯುತ್ತಿದ್ದವನು ಶಿಕಾರಿಯಾದ. ಲೆಕ್ಕಾಚಾರದ ಆಳು, ಗಟ್ಟಿ ದನಿ, ಜನರನ್ನು ಕೆಲಸಕ್ಕೆ ಹಚ್ಚುವ ಜಾಣ. ಬೈರನಿಗೂ ಇವನಿಗೂ ಸ್ವಭಾವದಲ್ಲಿ ಅಜಗಜಾಂತರ. ಇಬ್ಬರೂ ಒಟ್ಟಿಗೆ ಬರುವ ಕತೆಗಳಲ್ಲಿ ಬೇಟೆಗಿಂತ ಇವರ ಮಾತುಕತೆಯೇ ಹೆಚ್ಚು ಜೀವಂತ. ಮುತ್ತೂರಿನಿಂದ ಕೆಂಪೆಕರೆಗೆ ಹೋಗುವ ದಾರಿಯಲ್ಲಿ ಜೇಡಗಳ ಕಣಿವೆಯೊಂದನ್ನು ಆಂಡರ್ಸನ್ ವರ್ಣಿಸುತ್ತಾರೆ. ಎರಡೂ ದಂಡೆಯ ಗಿಡಗಳಿಗೆ ಅಡ್ಡಲಾಗಿ ಆಳೆತ್ತರದ ಬಲೆಗಳು, ನಡುವೆ ಅಂಗೈಯಗಲದ ಜೇಡ. ಗಾತ್ರವನ್ನು ಅವರು ಉಬ್ಬಿಸಿಲ್ಲ. ನಮ್ಮ ಕಾಡುಗಳ ದೈತ್ಯ ಮರಜೇಡದ ಹೆಣ್ಣು ಕಾಲು ಚಾಚಿದರೆ ಅಷ್ಟೇ ಇರುತ್ತದೆ.

ಹಾಗಾದರೆ ಬರೆದದ್ದೆಲ್ಲ ನಡೆದದ್ದೇ? ಈ ಪ್ರಶ್ನೆಯನ್ನು ಅವರ ಅಭಿಮಾನಿಗಳೂ ಕೇಳಿಕೊಂಡಿದ್ದಾರೆ. 1939ರಿಂದ 1966ರವರೆಗಿನ ಸರ್ಕಾರಿ ದಾಖಲೆಯಂತೆ ಅವರು ಹೊಡೆದ ನರಭಕ್ಷಕಗಳು ಎಂಟು ಚಿರತೆ, ಏಳು ಹುಲಿ. ಅಷ್ಟೂ ನಿಜ. ಕತೆಗಳಲ್ಲಿ ಬರುವ ಸಂಭಾಷಣೆ, ಕೊನೆಯ ಗಳಿಗೆಯ ಕಾಕತಾಳೀಯಗಳು ಕತೆಗಾರ ಸೇರಿಸಿದ ಉಪ್ಪುಖಾರ ಎಂದೇ ನನ್ನ ಎಣಿಕೆ. ಅದರಿಂದ ನನಗೆ ತಕರಾರಿಲ್ಲ. ಹಳ್ಳ ಎತ್ತ ಹರಿಯುತ್ತದೆ, ಯಾವ ಊರಿನಿಂದ ಯಾವ ಊರಿಗೆ ಕಾಲುದಾರಿ, ಯಾವ ಹಳ್ಳಿಯವರು ಏನು ಬೆಳೆಯುತ್ತಾರೆ ಎಂಬಲ್ಲಿ ಅವರು ಗಟ್ಟಿ. ಭೂಪಟ ಮುಂದಿಟ್ಟುಕೊಂಡು ಓದಿದವರಿಗೆ ಇದು ಗೊತ್ತಾಗುತ್ತದೆ.

ಈ ಕತೆಗಳು ಕನ್ನಡಕ್ಕೆ ಬಂದದ್ದು ಪೂರ್ಣಚಂದ್ರ ತೇಜಸ್ವಿಯವರ ಕೈಯಲ್ಲಿ. ‘ಕಾಡಿನ ಕತೆಗಳು’ ಮಾಲೆಯ ನಾಲ್ಕು ಸಂಪುಟಗಳು: ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ. ಹೈಸ್ಕೂಲಿನ ಹುಡುಗರಿಂದ ಹಿಡಿದು ಬಸ್ ಕಂಡಕ್ಟರರವರೆಗೆ ಇವನ್ನು ಓದಿದವರಿದ್ದಾರೆ. ಜಾಲಹಳ್ಳಿ ಈಗ ಮೆಟ್ರೊ ನಿಲ್ದಾಣ. ಅಲ್ಲಿ ಇಳಿಯುವ ಎಷ್ಟೋ ಜನರಿಗೆ ಅಲ್ಲೊಂದು ಕುರುಚಲು ಕಾಡಿತ್ತು, ಅದರೊಳಗೆ ಚಿರತೆ ಇತ್ತು ಅಂತ ಗೊತ್ತಾದದ್ದೇ ತೇಜಸ್ವಿಯವರ ಪುಸ್ತಕದಿಂದ. ಅವರು ಶಬ್ದಕ್ಕೆ ಶಬ್ದ ಇಡುವ ಅನುವಾದಕರಲ್ಲ. ಬೇಕಾದಲ್ಲಿ ಕತ್ತರಿಸಿದರು, ಬೇಕಾದಲ್ಲಿ ತಮ್ಮ ಮಾತಿನಲ್ಲಿ ಹೊಸದಾಗಿ ಹೇಳಿದರು. ಕೆಲವು ಪಂಡಿತರು ಅದನ್ನು ಕೊರತೆ ಎಂದಾರು. ನನಗೆ ಕಾಣುವುದು ಬೇರೆ. ಈ ಕತೆಗಳ ಮಾತುಗಳು ಮೊದಲು ನಡೆದದ್ದು ಕನ್ನಡದಲ್ಲೋ ತಮಿಳಿನಲ್ಲೋ. ಗೌಡ ಕನ್ನಡದಲ್ಲಿ ಗೋಳು ಹೇಳಿಕೊಂಡ, ಆಂಡರ್ಸನ್ ಅದನ್ನು ತುಸು ಬಿಗಿಯಾದ ಇಂಗ್ಲಿಷಿನಲ್ಲಿ ಬರೆದುಕೊಂಡರು. ತೇಜಸ್ವಿಯವರ ಪುಟಗಳಲ್ಲಿ ಆ ಗೌಡ, ಆ ದನ ಕಾಯುವ ಹುಡುಗ, ಮುನಿಶಾಮಿಯಂಥ ಬೆಂಗಳೂರಿನ ಚಾಲಾಕಿ ಮತ್ತೆ ಅವರವರ ಬಾಯಲ್ಲೇ ಮಾತಾಡಿದರು. ಮೂಡಿಗೆರೆಯ ಕಾಡಿನಲ್ಲಿ ಬಂದೂಕು, ಗಾಳ, ಕ್ಯಾಮೆರಾ ಮೂರನ್ನೂ ಹಿಡಿದು ತಿರುಗಿದ ತೇಜಸ್ವಿಯವರಿಗೆ ಆ ದನಿ ಹುಡುಕಬೇಕಾಗಿ ಬರಲಿಲ್ಲ. ಕನ್ನಡದಲ್ಲಿ ಬೇಟೆಯ ಬರಹಕ್ಕೆ ನಮ್ಮದೇ ಹಾದಿಯೂ ಇದೆ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿದವರು ಅದನ್ನು ಮರೆಯುವುದಿಲ್ಲ. ಆದರೂ ಕಾಡಿನ ಬರಹವನ್ನು ಮನೆಮನೆಗೆ ಮುಟ್ಟಿಸಿದ್ದು ಈ ನಾಲ್ಕು ಪುಸ್ತಕಗಳು.

ಆಂಡರ್ಸನ್ ಬರೆದದ್ದು ಕಡಿಮೆಯೇನಲ್ಲ. 1954ರ ನಂತರ 1957, 1959, 1961, 1964, 1967, 1970 ಹೀಗೆ ಎರಡು ಮೂರು ವರ್ಷಕ್ಕೊಂದು ಕಾಡಿನ ಪುಸ್ತಕ, ನಡುವೆ ಒಂದು ಕಾದಂಬರಿ. ಬರುಬರುತ್ತ ದನಿ ಬದಲಾಗುತ್ತದೆ. ಜೀಪಿನ ದೀಪ ಹಾಯಿಸಿ ಕಣ್ಣು ಕೋರೈಸಿದ ಪ್ರಾಣಿಗಳನ್ನು ರಸ್ತೆಯಿಂದಲೇ ಸುಡುವವರ ಮೇಲೆ, ಹೊಳೆಗೆ ಸಿಡಿಮದ್ದು ಎಸೆದು ಮೀನು ಹಿಡಿಯುವವರ ಮೇಲೆ ಅವರ ಕೋಪ ಏರುತ್ತದೆ. ಬಂದೂಕಿಗಿಂತ ಕ್ಯಾಮೆರಾ ಹಿಡಿದು ಹುಲಿಯ ಹತ್ತಿರ ಹೋಗುವುದು ಹೆಚ್ಚು ಎದೆಗಾರಿಕೆಯ ಕೆಲಸ ಎಂದು ಯುವಕರಿಗೆ ಹೇಳಿದರು. ತಾವು ಕಂಡ ಕಾಡು ತಮ್ಮ ಕಣ್ಣೆದುರೇ ಬರಿದಾಗುತ್ತಿದೆ ಎಂಬ ಸಂಕಟ ಕೊನೆಕೊನೆಯ ಪುಸ್ತಕಗಳಲ್ಲಿ ಬಿಚ್ಚಿಕೊಳ್ಳುತ್ತದೆ. ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದೇ ವರ್ಷ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. 1974ರ ಆಗಸ್ಟ್ 30ರಂದು ತೀರಿಕೊಂಡರು. ಆಗ 64 ವರ್ಷ. ಮಣ್ಣು ಮಾಡಿದ್ದು ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ. ಕೊನೆಯ ಪುಸ್ತಕ ಹೊರಬಂದದ್ದು 1976ರಲ್ಲಿ. ಮಗ ಡೊನಾಲ್ಡ್ ಆಂಡರ್ಸನ್ ಅವರೂ ಕಾಡಿನ ಹುಚ್ಚಿನವರು, 2014ರವರೆಗೆ ಬೆಂಗಳೂರಿನಲ್ಲೇ ಇದ್ದರು. ಜೋಶುವಾ ಮ್ಯಾಥ್ಯೂ ಅವರೊಡನೆ ಸೇರಿ ಹೇಳಿದ ಅವರ ನೆನಪುಗಳು 2018ರಲ್ಲಿ ಪುಸ್ತಕವಾದವು.

ಆಂಡರ್ಸನ್ ಹೋದ ಮೇಲೆ ಈ ಕಾಡಿಗೆ ಬೇರೆಯದೇ ಭಯ ಬಂತು. ಕಾಡುಗಳ್ಳ ವೀರಪ್ಪನ್ ಓಡಾಡಿದ ವರ್ಷಗಳಲ್ಲಿ ಹೊಗೇನಕಲ್ ಸುತ್ತಿನ ಕಾಡಿನೊಳಕ್ಕೆ ಹೊರಗಿನವರು ಕಾಲಿಡುತ್ತಿರಲಿಲ್ಲ. 2004ರ ಅಕ್ಟೋಬರಿನಲ್ಲಿ ಧರ್ಮಪುರಿ ಜಿಲ್ಲೆಯಲ್ಲೇ ಅವನ ಕತೆ ಮುಗಿಯಿತು. ಹತ್ತು ವರ್ಷ ಬಿಟ್ಟು, 2014ರಲ್ಲಿ ತಮಿಳುನಾಡು ಸರ್ಕಾರ ಇಲ್ಲಿನ 504 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ಉತ್ತರ ವನ್ಯಜೀವಿಧಾಮ ಎಂದು ಘೋಷಿಸಿತು. 2022ರಲ್ಲಿ ಇನ್ನೂ 686 ಚದರ ಕಿಲೋಮೀಟರ್ ಕಾಡು ಕಾವೇರಿ ದಕ್ಷಿಣ ಧಾಮವಾಯಿತು. ಕಾವೇರಿಯ ಆಚೆ ದಡದಲ್ಲಿ ನಮ್ಮ ಕಾವೇರಿ ವನ್ಯಜೀವಿಧಾಮ 1987ರಿಂದಲೇ ಇದೆ, ಅದರಾಚೆ ಮಲೆ ಮಹದೇಶ್ವರ ಬೆಟ್ಟ, ಉತ್ತರಕ್ಕೆ ಬನ್ನೇರುಘಟ್ಟ. ಆ ದಡದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡ ಕ್ಯಾಮೆರಾ ಟ್ರ್ಯಾಪ್ ಇಟ್ಟು ಚಿರತೆಗಳನ್ನು ಒಂದೊಂದಾಗಿ ಚುಕ್ಕೆ ನೋಡಿ ಗುರುತಿಸಿದ್ದಾರೆ. ಆಂಡರ್ಸನ್ ಅವರ ಹೆಸರಿನಲ್ಲೇ ಒಂದು ನಿಸರ್ಗ ಸಂಘವಿದ್ದು, ಮೇಲಗಿರಿ ಬೆಟ್ಟಸಾಲಿನ ಈ ಕಾಡುಗಳಲ್ಲಿ ಕೆಲಸ ಮಾಡುತ್ತಿದೆ.

ಕರ್ನಾಟಕದ ಪತ್ರಿಕೆ ಓದುಗರಿಗೆ ಅಂಚೆಟ್ಟಿ ತಾಲ್ಲೂಕಿನ ಒಂದು ಹೆಸರು ಬಾಯಿಪಾಠ: ಬಿಳಿಗುಂಡ್ಲು. ಮುಂಗಾರು ಕೈಕೊಟ್ಟ ವರ್ಷ ಅಲ್ಲಿನ ಕಾವೇರಿ ನೀರಿನ ಮಾಪನ ಕೇಂದ್ರದ ಅಂಕಿ ದಿನವೂ ಮುಖಪುಟದಲ್ಲಿ ಬರುತ್ತದೆ. ತಮಿಳುನಾಡಿಗೆ ಹರಿಯಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 177.25 ಟಿಎಂಸಿ ಅಡಿ ನೀರನ್ನು ಅಳೆಯುವುದು ಅಲ್ಲೇ. ಅದೇ ದಂಡೆಯ ಮತ್ತಿ ಮರಗಳ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು ಗೂಡು ಕಟ್ಟುತ್ತದೆ, ಕೆಳಗಿನ ಮಡುವಿನಲ್ಲಿ ಮೊಸಳೆ ಇದೆ ಎಂಬ ಸುದ್ದಿ ಮುಖಪುಟಕ್ಕೆ ಬರುವುದಿಲ್ಲ.

ಈಗ ಈ ಸೀಮೆಯಲ್ಲಿ ರಾತ್ರಿ ನಿದ್ದೆಗೆಡಿಸುವುದು ಹುಲಿಯಲ್ಲ, ಆನೆ. ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಜವಳಗಿರಿ, ಡೆಂಕಣಿಕೋಟೆಯ ಕಾಡಿಗೆ ಇಳಿಯುತ್ತವೆ. ಹೊಲದ ಅಂಚಿನ ಮರದಲ್ಲಿ ಅಟ್ಟಣೆ ಕಟ್ಟಿಕೊಂಡು ರೈತ ಚಳಿಯಲ್ಲಿ ಕಾಯುತ್ತಾನೆ. ಕೆಳಗೆ ಒಂದು ಕೊರಡಿನ ಬೆಂಕಿ, ಕೈಯಲ್ಲಿ ಟಾರ್ಚು, ಮಡಿಲಲ್ಲಿ ಪಟಾಕಿ. ಒಂದೇ ರಾತ್ರಿಯಲ್ಲಿ ಆರು ತಿಂಗಳ ದುಡಿಮೆ ಹೋಗಬಹುದು, ಆಯ ತಪ್ಪಿದರೆ ಜೀವವೂ. ಧಾಮವಾದ ಮೇಲೆ ದನ ಮೇಯಿಸುವ, ಹುಣಸೆ ಜೇನು ಕೀಳುವ ಜನರಿಗೆ ಕಟ್ಟುಪಾಡುಗಳೂ ಹೆಚ್ಚಿವೆ. ಕಾಡು ಉಳಿಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಅದರ ಬೆಲೆಯನ್ನು ಈ ಹಳ್ಳಿಗಳೇ ತೆರುತ್ತಿವೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಆಂಡರ್ಸನ್ ಇದ್ದಿದ್ದರೆ ಈ ಅಟ್ಟಣೆಯ ಮೇಲೆ ರೈತನ ಪಕ್ಕ ಕೂತು ಮಾತು ಕೇಳುತ್ತಿದ್ದರು.

ಬೈರನ ಕಸುಬನ್ನು ಇಂದು ಖಾಕಿ ತೊಟ್ಟು ಮಾಡುವವರಿದ್ದಾರೆ. ಬೇಟೆ ತಡೆ ಶಿಬಿರಗಳ ಕಾವಲುಗಾರರಲ್ಲಿ ಎಷ್ಟೋ ಮಂದಿ ಕಾಡಂಚಿನ ಹಟ್ಟಿಗಳಿಂದಲೇ ಬಂದವರು. ಸರ್ವೆಗೆ ಬರುವ ವಿಜ್ಞಾನಿಗೆ ಲದ್ದಿ ತೋರಿಸುವವರು, ಉರುಳು ಹುಡುಕಿ ಕೀಳುವವರು, ಆನೆ ಯಾವ ಹೊತ್ತಿಗೆ ಯಾವ ಕೆರೆಗೆ ಬರುತ್ತದೆಂದು ಬಲ್ಲವರು ಇವರೇ. ಸಂಬಳ ಸಣ್ಣದು, ಕೆಲಸ ಕಾಯಂ ಅಲ್ಲ. ಬೈರನ ಕತೆ ನಮಗೆ ಸಿಕ್ಕಿದ್ದು ಒಬ್ಬ ಗೆಳೆಯ ಬರೆದುಕೊಂಡದ್ದರಿಂದ, ಅದೂ ಇಂಗ್ಲಿಷಿನಲ್ಲಿ. ಇವರ ಕತೆಯನ್ನು ಇವರೇ ಹೇಳಬೇಕು, ಇವರು ಆಡುವ ಕನ್ನಡದಲ್ಲೇ ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ನಮ್ಮ ಜಾನಪದ ವಿಶ್ವವಿದ್ಯಾಲಯವೋ ಆಕಾಶವಾಣಿಯೋ ಯಾಕೆ ಮನಸ್ಸು ಮಾಡಬಾರದು? ಬೆಂಗಳೂರಿನಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟದೊಳಗೆ ಅಂಚೆಟ್ಟಿ. ಬಲ್ಲ ಹಿರಿಯರು ಇನ್ನೂ ಇದ್ದಾರೆ.